ಸೋಮಾರಿ ಗಾಲಿಯ ದುಡಿಮೆ

ಹಳೆಯ ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಈ ಅಂಕಣದಲ್ಲಿ ಒಮ್ಮೆ ಬರೆದೆ. ಅಂದಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ‘ತಾತನ ಕಾಲದ್ದು ಅಟ್ಟದಲ್ಲಿದೆ, ಹಾಕಿದರೆ ಗುರ್ ಅನ್ನುತ್ತೆ, ಗುಜರಿಗೆ ಕೊಟ್ಟುಬಿಡಲಾ?’ ಎಂದು ಒಬ್ಬರು. ‘ಎಪ್ಪತ್ತು ವರ್ಷ ಹಳೆಯ ಗ್ಯಾರಾರ್ಡ್‌ಗೆ ಲಕ್ಷಗಟ್ಟಲೆ ಕೇಳ್ತಾರಲ್ಲ, ಒಳಗೆ ಬಂಗಾರ ಇದೆಯಾ?’ ಎಂದು ಇನ್ನೊಬ್ಬರು. ಮೊನ್ನೆ ಒಬ್ಬ ಹುಡುಗನ ಪತ್ರ ಬಂತು: ‘ಬೆಲ್ಟ್, ಡೈರೆಕ್ಟ್, ಐಡ್ಲರ್ ಅಂತ ಮೂರು ಜಾತಿ ಇವೆಯಂತೆ. ಐಡ್ಲರ್ ಅಂದರೆ ಸೋಮಾರಿ ತಾನೇ? ಸೋಮಾರಿ ಯಂತ್ರಕ್ಕೆ ಯಾಕಿಷ್ಟು ಮರ್ಯಾದೆ?’ ಪ್ರಶ್ನೆ ಚೆನ್ನಾಗಿದೆ. ಈ ವಾರ ಅದನ್ನೇ ಹಿಡಿಯೋಣ.

ಸೋಮಾರಿ ಎನ್ನುವ ಅರ್ಥವೇನೂ ತಪ್ಪಲ್ಲ. ಸ್ವಂತ ಶಕ್ತಿಯಿಲ್ಲದೆ, ಒಂದು ಗಾಲಿಯ ತಿರುಗಾಟವನ್ನು ಇನ್ನೊಂದು ಗಾಲಿಗೆ ದಾಟಿಸುತ್ತ ನಡುವೆ ಕೂತಿರುವ ಗಾಲಿಗೆ ಯಂತ್ರದವರು ಇಟ್ಟ ಹೆಸರು ಐಡ್ಲರ್. ಅದನ್ನು ನಾನು ಮೊದಲು ನೋಡಿದ್ದು ಯಾವ ಸಂಗೀತದ ಅಂಗಡಿಯಲ್ಲೂ ಅಲ್ಲ, ಅಮ್ಮನ ಹೊಲಿಗೆ ಮಿಷನ್ನಿನಲ್ಲಿ. ಕಾಲಲ್ಲಿ ತುಳಿದರೆ ಕೆಳಗಿನ ದೊಡ್ಡ ಚಕ್ರ ತಿರುಗುತ್ತಿತ್ತು, ಅಲ್ಲಿಂದ ಚರ್ಮದ ಬೆಲ್ಟು ಮೇಲಿನ ಕೈಚಕ್ರಕ್ಕೆ ಹೋಗುತ್ತಿತ್ತು. ಇದು ಬೆಲ್ಟ್ ಡ್ರೈವ್. ಬಾಬಿನ್ನಿಗೆ ದಾರ ಸುತ್ತಬೇಕಾದಾಗ ಅಮ್ಮ ಪಕ್ಕದ ಒಂದು ಪುಟ್ಟ ಹಿಡಿಯನ್ನು ಒತ್ತುತ್ತಿದ್ದಳು. ರಬ್ಬರಿನ ಉಂಗುರ ತೊಟ್ಟ ಗುಂಡು ಗಾಲಿಯೊಂದು ಕೈಚಕ್ರದ ಮೈಗೆ ತಾಗಿದ್ದೇ ತಡ, ಬಾಬಿನ್ನು ಹುಚ್ಚೆದ್ದು ಸುತ್ತುತ್ತಿತ್ತು. ನಮ್ಮ ಸೋಮಾರಿ ಗಾಲಿಯ ನೆಂಟ ಅದೇ. ರಬ್ಬರು ಸವೆದಾಗ ಅದು ಜಾರಿ ಕುಂಟುತ್ತಿತ್ತು, ಅಮ್ಮ ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೆಲಸ ಮುಗಿಸುತ್ತಿದ್ದಳು. ಮೂರನೆಯ ಜಾತಿಗೆ ತಲೆಯೆತ್ತಿ ಸೀಲಿಂಗ್ ಫ್ಯಾನ್ ನೋಡಿ. ಅಲ್ಲಿ ಬೆಲ್ಟೂ ಇಲ್ಲ, ಗಾಲಿಯೂ ಇಲ್ಲ. ಮೋಟಾರೇ ತಿರುಗುತ್ತದೆ, ರೆಕ್ಕೆಗಳು ಅದಕ್ಕೇ ಅಂಟಿಕೊಂಡಿವೆ. ಅದು ಡೈರೆಕ್ಟ್ ಡ್ರೈವ್.

ಟರ್ನ್‌ಟೇಬಲ್ಲಿನಲ್ಲಿ ಬಾಬಿನ್ನಿನ ಬದಲು ತಟ್ಟೆಯನ್ನಿಡಿ. (ತಿರುಗುವ ಲೋಹದ ಭಾಗವನ್ನು ತಟ್ಟೆ ಎನ್ನುತ್ತೇನೆ, ಅದರ ಮೇಲಿಡುವ ಹಾಡಿನದ್ದನ್ನು ಪ್ಲೇಟು ಎನ್ನುತ್ತೇನೆ. ನಮ್ಮ ಮನೆಯಲ್ಲಿ ಎರಡನ್ನೂ ಪ್ಲೇಟು ಎಂದೇ ಕರೆದು ಬೇಕಾದಷ್ಟು ಗೊಂದಲವಾಗಿದೆ.) ತಟ್ಟೆಯ ಅಂಚು ಕೆಳಮುಖವಾಗಿ ಮಡಚಿರುತ್ತದೆ, ಮಗುಚಿಟ್ಟ ಪರಾತದ ಹಾಗೆ. ಆ ಅಂಚಿನ ಒಳಮೈಗೂ ಮೋಟಾರಿನ ಸಣ್ಣ ಪುಲಿಗೂ ನಡುವೆ ರಬ್ಬರ್ ಗಾಲಿ ಸಿಕ್ಕಿಕೊಳ್ಳುತ್ತದೆ. ಮೋಟಾರು ಗಾಲಿಯನ್ನು ಉಜ್ಜುತ್ತದೆ, ಗಾಲಿ ತಟ್ಟೆಯನ್ನು ಉಜ್ಜುತ್ತದೆ. ಇಷ್ಟೇ. ಒಂದು ಕಾಲಕ್ಕೆ ಲೋಕದ ಬಹುಪಾಲು ರೆಕಾರ್ಡ್ ಪ್ಲೇಯರುಗಳು ಹೀಗೇ ಇದ್ದವು. ನಮ್ಮ ಮದುವೆ ಮನೆಗಳ ಎಚ್‌ಎಂವಿ ಫಿಯೆಸ್ಟಾ ಕೂಡ ಇದೇ ವಂಶದ್ದು. ಹಾಗಿದ್ದ ಮೇಲೆ ಫಿಯೆಸ್ಟಾಕ್ಕೂ ಲಕ್ಷದ ಗ್ಯಾರಾರ್ಡ್‌ಗೂ ಏನು ವ್ಯತ್ಯಾಸ? ಅದನ್ನು ನಾನು ಓದಿ ತಿಳಿದದ್ದಕ್ಕಿಂತ ರಾಯರ ಜೊತೆ ಕೈ ಕೊಳೆ ಮಾಡಿಕೊಂಡು ತಿಳಿದದ್ದೇ ಹೆಚ್ಚು.

ರಾಯರು ಮೈಸೂರಿನಲ್ಲಿ ನಮ್ಮ ಹಿಂದಿನ ಬೀದಿಯವರು, ನಿವೃತ್ತ ಎಂಜಿನಿಯರ್. ಅವರ ಅಣ್ಣ ಅರವತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸಾಗುವಾಗ ಒಂದು ಗ್ಯಾರಾರ್ಡ್ 301 ತಂದಿದ್ದರಂತೆ. ಅಣ್ಣ ಹೋದ ಮೇಲೆ ಅದು ಹಳೆ ಸೀರೆಯೊಂದರಲ್ಲಿ ಸುತ್ತಿಕೊಂಡು ಇವರ ಮನೆಗೆ ಬಂತು. ಮೊದಲ ದಿನ ಕರೆಂಟು ಕೊಟ್ಟಾಗ ತಟ್ಟೆ ಅರ್ಧ ಸುತ್ತು ಹೋಗಿ, ಮುನಿಸಿಕೊಂಡವರಂತೆ ನಿಂತಿತು. ಕೈಯಲ್ಲಿ ನೂಕಿದರೆ ತಿರುಗಿತು, ಜೊತೆಗೆ ಹಿಟ್ಟಿನ ಗಿರಣಿ ದೂರದಲ್ಲಿ ಓಡಿದಂಥ ಸದ್ದು. ‘ಬನ್ನಿ, ಬಿಚ್ಚೋಣ’ ಎಂದು ರಾಯರು ನನಗೆ ಫೋನ್ ಮಾಡಿದರು. ನನಗೆ ಬಿಚ್ಚುವುದು ಚೆನ್ನಾಗಿ ಬರುತ್ತದೆ. ಜೋಡಿಸಲು ಅವರಿದ್ದರಲ್ಲ.

ತಟ್ಟೆ ಎತ್ತುವುದೇ ಒಂದು ಕೆಲಸ. ಎರಡೂವರೆ ಕೆ.ಜಿ.ಗೂ ಮೀರಿದ ಎರಕದ ಅಲ್ಯೂಮಿನಿಯಂ. ನಡುವಿನ ಉಕ್ಕಿನ ಕಡ್ಡಿ ಮೇಲಕ್ಕೆ ಹೋದಂತೆ ಸ್ವಲ್ಪ ಸಪೂರ, ಅದರ ಮೇಲೆ ತಟ್ಟೆ ಬಿಗಿಯಾಗಿ ಕೂತಿರುತ್ತದೆ. ನಾನು ಎರಡೂ ಕಡೆ ಬೆರಳು ಕೊಟ್ಟು ಮೇಲಕ್ಕೆ ಎಳೆದು ಹಿಡಿದೆ, ರಾಯರು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಕಡ್ಡಿಯ ತಲೆಗೆ ಮೆಲ್ಲಗೆ ಒಂದು ಪೆಟ್ಟು ಹಾಕಿದರು. ಟಕ್ ಎಂದು ಬಿಟ್ಟುಕೊಂಡಿತು. ಕೆಳಗೆ ಕಂಡ ನೋಟಕ್ಕೆ ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಧೂಳು, ಕಪ್ಪಾದ ಗ್ರೀಸು, ಒಂದು ಸತ್ತ ಜಿರಲೆ. ಇವೆಲ್ಲದರ ಅಡಿಯಲ್ಲಿ, ನಿನ್ನೆ ಕಾರ್ಖಾನೆಯಿಂದ ಬಂದಂತೆ, ಒಂದಿಷ್ಟೂ ಅಲುಗದ ಕೆಲಸಗಾರಿಕೆ.

ಈ ಕೆಲಸಗಾರಿಕೆಗೆ ಒಂದು ಹಿನ್ನೆಲೆಯಿದೆ. ಗ್ಯಾರಾರ್ಡ್ ಎಂಬುದು ಮೂಲತಃ ಲಂಡನ್ನಿನ ರಾಜಮನೆತನದ ಅಕ್ಕಸಾಲಿಗರ ಅಂಗಡಿ. ಮೊದಲ ಮಹಾಯುದ್ಧ ಶುರುವಾದಾಗ, ನವಿರಾದ ಲೋಹದ ಕೆಲಸ ಬಲ್ಲವರೆಂದು, ಫಿರಂಗಿಗಳಿಗೆ ಗುರಿಯ ದೂರ ಅಳೆದುಕೊಡುವ ಉಪಕರಣ ಮಾಡುವ ಕೆಲಸ ಅವರಿಗೆ ಬಂತು. ಅದಕ್ಕೆಂದು 1915ರಲ್ಲಿ ಒಂದು ಎಂಜಿನಿಯರಿಂಗ್ ಕಂಪನಿ ಹುಟ್ಟಿಕೊಂಡಿತು. ಯುದ್ಧ ಮುಗಿಯಿತು, ಕೈಗಳು ಖಾಲಿಯಾದವು. 1919ರಲ್ಲಿ ರೈಲ್ವೆ ವರ್ಕ್‌ಶಾಪಿನ ಊರಾದ ಸ್ವಿಂಡನ್‌ಗೆ ಹೋಗಿ ಗ್ರಾಮಫೋನಿಗೆ ಬೇಕಾದ ಸ್ಪ್ರಿಂಗ್ ಮೋಟಾರು ಮಾಡತೊಡಗಿದರು. ಒಡವೆಯ ಕೈ, ಫಿರಂಗಿಯ ಲೆಕ್ಕ, ರೈಲ್ವೆ ಊರಿನ ಕಬ್ಬಿಣ. 301ರ ಹೊಟ್ಟೆಯೊಳಗೆ ನೋಡಿದಾಗ ನನಗೆ ಮೂರೂ ಕಂಡವು. ಅದು ಮಾರುಕಟ್ಟೆಗೆ ಬಂದದ್ದು 1954ರ ಹೊತ್ತಿಗೆ, ವಿನ್ಯಾಸ ಇ. ಡಬ್ಲ್ಯು. ಮಾರ್ಟಿಮರ್ ಅವರದ್ದು. ಮೊದಲು ಬಂದವು ಸುತ್ತಿಗೆಯಲ್ಲಿ ತಟ್ಟಿದಂತೆ ಕಾಣುವ ಬೂದು ಬಣ್ಣದವು, ಬೇರಿಂಗಿಗೆ ಗ್ರೀಸು. ಆಮೇಲಿನವು ಕೆನೆ ಬಣ್ಣದವು, ಬೇರಿಂಗಿಗೆ ಎಣ್ಣೆ. ರಾಯರದ್ದು ಕೆನೆ. ಅಂದರೆ ಎಣ್ಣೆ ಬೇರಿಂಗಿಗೆ ಯಾರೋ ಪುಣ್ಯಾತ್ಮರು ಗ್ರೀಸು ಮೆತ್ತಿದ್ದರು! ತಟ್ಟೆ ಮುನಿಸಿಕೊಂಡಿದ್ದಕ್ಕೆ ಅರ್ಧ ಕಾರಣ ಅದೇ.

ಇಲ್ಲೊಂದು ಮಾತು. 301 ಅನ್ನು ಕಂಪನಿ ರೆಕಾರ್ಡ್ ಪ್ಲೇಯರ್ ಎಂದು ಮಾರಲೇ ಇಲ್ಲ. ‘ಟ್ರಾನ್ಸ್‌ಕ್ರಿಪ್ಷನ್ ಮೋಟಾರ್’ ಎಂದು ಮಾರಿತು. ಪೆಟ್ಟಿಗೆ ಇಲ್ಲ, ತೋಳಿಲ್ಲ, ಮುಳ್ಳಿಲ್ಲ. ಬರೀ ತಿರುಗಿಸುವ ಯಂತ್ರ. ತೋಳು ಇನ್ನೊಬ್ಬರಿಂದ, ಪೆಟ್ಟಿಗೆ ಬಡಗಿಯಿಂದ. ಟ್ರಾನ್ಸ್‌ಕ್ರಿಪ್ಷನ್ ಎನ್ನುವುದು ರೇಡಿಯೊದವರ ಪದ. ಕಾರ್ಯಕ್ರಮಗಳನ್ನು 16 ಇಂಚಿನ ದೊಡ್ಡ ಪ್ಲೇಟುಗಳಿಗೆ ಇಳಿಸಿ ಊರೂರ ನಿಲಯಗಳಿಗೆ ಕಳಿಸುತ್ತಿದ್ದ ಕಾಲವೊಂದಿತ್ತು. ಆ ಪ್ಲೇಟುಗಳ, ನಿಮಿಷಕ್ಕೆ 33⅓ ಸುತ್ತು ಎಂಬ ವಿಚಿತ್ರ ವೇಗ ಮನೆಮಾತಾದದ್ದು 1948ರಲ್ಲಿ ಬಂದ ಎಲ್‌ಪಿಯಿಂದ, ನಿಜ. ಆದರೆ 1926ರಲ್ಲೇ ಸಿನಿಮಾಕ್ಕೆ ಸದ್ದು ಜೋಡಿಸಲು ಹೊರಟ ವೈಟಾಫೋನ್‌ನವರು ಅದನ್ನು ಬಳಸಿದ್ದರು. ಒಂದು ರೀಲು ಮುಗಿಯುವವರೆಗೆ, ಅಂದರೆ ಹತ್ತು ಹನ್ನೊಂದು ನಿಮಿಷ, ಪ್ಲೇಟೂ ಓಡಬೇಕಿತ್ತು. ಹೀಗೆ ‘ಟ್ರಾನ್ಸ್‌ಕ್ರಿಪ್ಷನ್’ ಎಂದು ಹಣೆಪಟ್ಟಿ ಹಚ್ಚಿದರೆ ಇದು ಡ್ರಾಯಿಂಗ್ ರೂಮಿನ ಆಟಿಕೆಯಲ್ಲ, ನಿಲಯದ ಯಂತ್ರ ಎಂದರ್ಥ. ಬಿಬಿಸಿಯವರು 301 ಅನ್ನು ತಮ್ಮ ಸ್ಟುಡಿಯೊ ಮೇಜುಗಳಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ದುಡಿಸಿದರು.

ನಿಲಯಕ್ಕೆ ಬೇಕಾದದ್ದೇನು? ಚಿಕ್ಕವನಿದ್ದಾಗ ಶಾಲೆಯಿಂದ ನಮ್ಮನ್ನು ಆಕಾಶವಾಣಿ ತೋರಿಸಲು ಕರೆದುಕೊಂಡು ಹೋಗಿದ್ದರು. ಗಾಜಿನ ಆಚೆ ಒಬ್ಬರು ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಕೂತಿದ್ದರು. ಯಾವ ಕಂಪನಿಯದ್ದು ಎಂದು ನೋಡುವ ವಯಸ್ಸಲ್ಲ. ಆದರೆ ಉದ್ಘೋಷಕಿ ‘ಈಗ ಚಿತ್ರಗೀತೆ’ ಎನ್ನುವಷ್ಟರಲ್ಲಿ ಅವರ ಬೆರಳು ಪ್ಲೇಟಿನ ಅಂಚು ಬಿಟ್ಟಿತು, ಹಾಡು ಮೊದಲ ಅಕ್ಷರದಿಂದಲೇ ಶುರುವಾಯಿತು. ಎಳೆಯಲಿಲ್ಲ, ತೊದಲಲಿಲ್ಲ. ಪ್ಲೇಟು ‘ಊಂ’ ಎಂದು ಎದ್ದು ಶ್ರುತಿಗೆ ಬರುವವರೆಗೆ ಕಾಯುವ ವ್ಯವಧಾನ ರೇಡಿಯೊಗಿಲ್ಲ. ಕೆಳಗೆ ತಟ್ಟೆ ತಿರುಗುತ್ತಲೇ ಇರಬೇಕು, ಮೇಲೆ ಬೆರಳಲ್ಲಿ ಹಿಡಿದ ಪ್ಲೇಟು ನಿಂತಿರಬೇಕು, ಆ ತಡೆಗೆ ಮೋಟಾರು ಜಗ್ಗಬಾರದು. ಜೊತೆಗೆ ಬೆಳಗಿನಿಂದ ರಾತ್ರಿವರೆಗೆ ಓಡಬೇಕು. ಆಗಿನ ಕೆಲವು ಪಿಕಪ್ಪುಗಳ ಭಾರವೋ ಹತ್ತಾರು ಗ್ರಾಂ. ಅಷ್ಟು ಭಾರ ಹೇರಿಕೊಂಡ ಮುಳ್ಳು ಗೀರನ್ನು ಉತ್ತಂತೆ ಹೋಗುತ್ತಿತ್ತು. ಇವೆಲ್ಲಕ್ಕೂ ಬೇಕಾದದ್ದು ಒಂದೇ, ತಿರುಗಿಸುವ ಕಸುವು. ರಬ್ಬರ್ ಬೆಲ್ಟು ಹಿಗ್ಗುತ್ತದೆ, ಜಾರುತ್ತದೆ. ಗಾಲಿ ಹಾಗಲ್ಲ. ಅದು ಪುಲಿಗೂ ಅಂಚಿಗೂ ನಡುವಿನ ಇಕ್ಕಟ್ಟಿನಲ್ಲಿ ಕೂತಿರುತ್ತದೆ. ತಿರುಗುವ ದಿಕ್ಕು ಎಂಥದ್ದೆಂದರೆ, ಭಾರ ಹೆಚ್ಚಾದಷ್ಟೂ ಅದು ಆ ಇಕ್ಕಟ್ಟಿನೊಳಕ್ಕೆ ಇನ್ನಷ್ಟು ಎಳೆದುಕೊಂಡು ಬಿಗಿಯುತ್ತದೆ. ಬಾಗಿಲಡಿ ಸಿಕ್ಕಿಸಿದ ಬೆಣೆ, ಬಾಗಿಲು ನೂಕಿದಷ್ಟೂ ಬಿಗಿಯಾಗುವಂತೆ. ಆದ್ದರಿಂದಲೇ ಅದನ್ನು ಹಿಡಿದಿಡಲು ಒಂದು ಬಡಪಾಯಿ ಸ್ಪ್ರಿಂಗು ಸಾಕು.

ಈ ಚುರುಕು ಓಟವನ್ನು ತುದಿಗೆ ಮುಟ್ಟಿಸಿದವರು ಜರ್ಮನಿಯ ಬ್ಲಾಕ್ ಫಾರೆಸ್ಟ್ ಸೀಮೆಯ ಲಾರ್ ಎಂಬ ಊರಿನ ಇಎಂಟಿ ಕಂಪನಿಯವರು. ಅವರ 930ರಲ್ಲಿ ಕೆಳಗಿನ ಭಾರದ ತಟ್ಟೆ ಸದಾ ತಿರುಗುತ್ತಿರುತ್ತದೆ. ಅದರ ಮೇಲೊಂದು ಹಗುರ ತಟ್ಟೆ ಬ್ರೇಕಿನಲ್ಲಿ ನಿಂತಿರುತ್ತದೆ. ಗುಂಡಿ ಒತ್ತಿದರೆ ಬ್ರೇಕು ಬಿಡುತ್ತದೆ, ಹಗುರ ತಟ್ಟೆ ತಕ್ಷಣ ಓಟ ಹಿಡಿಯುತ್ತದೆ. ಅವರ 927ರ ತಟ್ಟೆಯಂತೂ 44 ಸೆಂ.ಮೀ. ಅಗಲ, ನಮ್ಮ ಊಟದ ತಟ್ಟೆಗೆ ಅಣ್ಣ. ಸ್ವಿಟ್ಜರ್ಲೆಂಡಿನ ಥಾರೆನ್ಸ್ ಟಿಡಿ 124 ಬೆಲ್ಟನ್ನೂ ಗಾಲಿಯನ್ನೂ ಒಂದರ ಹಿಂದೊಂದು ಇಟ್ಟು ಜಾಣತನ ತೋರಿತು. ಅವುಗಳ ಕಥೆ ಇನ್ನೊಂದು ದಿನಕ್ಕಿರಲಿ.

ರಾಯರ ಮೇಜಿಗೆ ಹಿಂತಿರುಗೋಣ. ಬೇರಿಂಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಗೆದೆವು, ಹಗುರ ಮಿಷನ್ ಎಣ್ಣೆ ಬಿಟ್ಟೆವು. ಮೋಟಾರನ್ನೂ ಬಿಚ್ಚಿದೆವು. ಅದು ಸ್ಪ್ರಿಂಗುಗಳಲ್ಲಿ ತೂಗುಬಿದ್ದಿರುತ್ತದೆ, ತೊಟ್ಟಿಲಿನಲ್ಲಿ ಮಲಗಿದ ಕೂಸಿನಂತೆ, ತನ್ನ ನಡುಕ ಮನೆಗೆಲ್ಲ ಹಂಚದಿರಲೆಂದು. ಗಾಲಿಯ ರಬ್ಬರನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಕಾಡಿಗೆಯಾಯಿತು. ರಬ್ಬರು ಮಾತ್ರ ಗುಂಡಗೆ, ನಯವಾಗಿ ಇತ್ತು. ಅದಕ್ಕೆ ಕಾರಣ ಗ್ಯಾರಾರ್ಡ್‌ನವರ ಮುಂದಾಲೋಚನೆ. ಆಫ್ ಮಾಡಿದರೆ ಗಾಲಿ ಪುಲಿಯಿಂದ ದೂರ ಸರಿಯುತ್ತದೆ, ಬ್ರೇಕು ತಟ್ಟೆಯನ್ನು ಹಿಡಿಯುತ್ತದೆ. ಒತ್ತಿಕೊಂಡೇ ವರ್ಷಗಟ್ಟಲೆ ಇದ್ದರೆ ರಬ್ಬರಿನಲ್ಲಿ ಗುಳಿ ಬೀಳುತ್ತದೆ, ಆಮೇಲೆ ಪ್ರತಿ ಸುತ್ತಿಗೂ ‘ಧಡ್’. ಅಟ್ಟದ ಮೇಲಿನ ಯಂತ್ರ ಗುರ್ ಎನ್ನುತ್ತದೆ ಎಂದು ಬರೆದವರೇ, ಮೊದಲು ನಿಮ್ಮದರ ಗಾಲಿ ನೋಡಿ.

ಪುಲಿಯ ಮೇಲೆ ತುಕ್ಕಿನ ಒಂದು ಚುಕ್ಕೆ ಕಂಡಿತು. ಸಣ್ಣಗೆ ಕೆರೆಸಿ ತರೋಣ ಎಂದು ಪರಿಚಯದ ಲೇತ್ ಅಂಗಡಿಗೆ ಒಯ್ದೆವು. ಮಾಲೀಕ ಕೈಯೊರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಮೈಕ್ರೋಮೀಟರ್ ಹಿಡಿದ, ಮತ್ತೊಂದು ಸಲ ಹಿಡಿದ. ಆಮೇಲೆ ಕಾಗದದಲ್ಲಿ ಸುತ್ತಿ ವಾಪಸ್ ಕೊಟ್ಟ. ‘ಇದಕ್ಕೆ ಕೈ ಹಾಕಲ್ಲ ಸಾರ್. ನಮ್ಮ ಲೇತಲ್ಲಿ ಇಷ್ಟು ಬರಲ್ಲ. ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ, ಹೋಗುತ್ತೆ.’ ಹೋಯಿತು. ದುಡ್ಡೂ ತೆಗೆದುಕೊಳ್ಳಲಿಲ್ಲ.

ಅವನು ಹೆದರಿದ್ದೇಕೆ ಎಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಇದರ ಮೋಟಾರಿಗೆ ನಾಲ್ಕು ಧ್ರುವ. 50 ಸೈಕಲ್ಲಿನ ಕರೆಂಟಿನಲ್ಲಿ ಅಂಥ ಮೋಟಾರು ನಿಮಿಷಕ್ಕೆ 1,500 ಸುತ್ತಿನ ಬೆನ್ನು ಹತ್ತುತ್ತದೆ, ಆದರೆ ಎಂದೂ ಹಿಡಿಯುವುದಿಲ್ಲ, ಸ್ವಲ್ಪ ಹಿಂದೆಯೇ ಉಳಿಯುತ್ತದೆ. ಲೆಕ್ಕಕ್ಕೆ 1,400 ಎಂದಿಟ್ಟುಕೊಳ್ಳಿ. ತಟ್ಟೆ ತಿರುಗಬೇಕಾದದ್ದು 33⅓. ಅಂದರೆ 42 ಪಟ್ಟು ಇಳಿಸಬೇಕು. ಅಂಚಿನ ಒಳವ್ಯಾಸ 25.2 ಸೆಂ.ಮೀ. ಇದ್ದರೆ ಪುಲಿ ಬರೀ 6 ಮಿ.ಮೀ. ದಪ್ಪ ಇರಬೇಕು, 45ಕ್ಕೆ 8, 78ಕ್ಕೆ 14. ಪುಲಿಯಲ್ಲಿ ಈ ಮೂರು ಮೆಟ್ಟಿಲುಗಳಿವೆ, ವೇಗ ಬದಲಿಸಿದರೆ ಗಾಲಿ ಮೆಟ್ಟಿಲು ಹತ್ತಿ ಇಳಿಯುತ್ತದೆ. ತಮಾಷೆಯೆಂದರೆ ನಡುವಿನ ಗಾಲಿ ನಿಂಬೆಹಣ್ಣಿನಷ್ಟಿರಲಿ, ಮೂಸಂಬಿಯಷ್ಟಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಅಂಚಿಗೆ ಅಂಚು ಉಜ್ಜಿಕೊಂಡು ಓಡುವಾಗ ಮೂರೂ ಅಂಚುಗಳ ಓಟ ಒಂದೇ ತಾನೇ. ಲೆಕ್ಕದಲ್ಲಿ ಮಾತ್ರ ನಮ್ಮ ಸೋಮಾರಿ ನಿಜಕ್ಕೂ ಸೋಮಾರಿ! ಪುಲಿಯ ಕಥೆ ಹಾಗಲ್ಲ. 6 ಮಿ.ಮೀ. ಪುಲಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೆ ವೇಗ ಶೇ 0.17ರಷ್ಟು ತಪ್ಪುತ್ತದೆ. ವೇಗ ಒಂದೇ ಸಮ ತಪ್ಪಿದರೆ ಕಿವಿಗೆ ಗೊತ್ತಾಗದು. ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಹೋಗಬೇಕಾದರೆ ಸುಮಾರು ಶೇ 6 ಬದಲಾಗಬೇಕು. ಆದರೆ ಪುಲಿ ಒಂದು ಕಡೆ ಉಬ್ಬಿದ್ದರೆ ಆ ತಪ್ಪು ಸೆಕೆಂಡಿಗೆ ಇಪ್ಪತ್ತಮೂರು ಸಲ ಬಂದು ಹೋಗುತ್ತದೆ. ಪಿಟೀಲಿನ ನೀಳ ಸ್ವರದ ಮೈಮೇಲೆ ಮರಳು ಉದುರಿದಂತೆ ಕೇಳುತ್ತದೆ.

ಒಂದು ಅದೃಷ್ಟ ಹೇಳಬೇಕು. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಕರೆಂಟು 50 ಸೈಕಲ್ಲೇ, ಹಾಗಾಗಿ ಅಲ್ಲಿನ ಪುಲಿ ಇಲ್ಲಿಗೆ ಹಾಗೇ ಹೊಂದುತ್ತದೆ. ಅಮೆರಿಕದಲ್ಲಿ 60. ಅಲ್ಲಿಂದ ಸೂಟ್‌ಕೇಸಿನಲ್ಲಿ ತಂದ 301 ಅನ್ನು ಓಲ್ಟೇಜು ಮಾತ್ರ ಸರಿಮಾಡಿಕೊಂಡು ಹಾಕಿದರೆ ಹಾಡುಗಳೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದಂತಿರುತ್ತವೆ. ಪುಲಿಯನ್ನೇ ಬದಲಿಸಬೇಕು.

ಓಲ್ಟೇಜು ಎಂದೆ. ಈ ಬಗೆಯ ಮೋಟಾರು ಓಲ್ಟೇಜು ಬಿದ್ದರೆ ಒಂದಿಷ್ಟು ನಿಧಾನವಾಗುತ್ತದೆ, ಬಿಸಿಯಾದಂತೆಯೂ ವೇಗ ಚೂರು ಬದಲಾಗುತ್ತದೆ. ಅದಕ್ಕೆ ಗ್ಯಾರಾರ್ಡ್‌ನವರು ಮಾಡಿದ ಉಪಾಯ ಇಡೀ ಯಂತ್ರದಲ್ಲಿ ನನಗೆ ಅತಿ ಇಷ್ಟವಾದದ್ದು. ಮೋಟಾರಿನ ಕಡ್ಡಿಗೇ ಒಂದು ಅಲ್ಯೂಮಿನಿಯಂ ಬಿಲ್ಲೆ ಕೂರಿಸಿದ್ದಾರೆ. ಪಕ್ಕದಲ್ಲಿ ಒಂದು ಅಯಸ್ಕಾಂತ. ಮೇಲಿನ ಗುಂಡಿ ತಿರುಗಿಸಿದರೆ ಅಯಸ್ಕಾಂತ ಬಿಲ್ಲೆಯ ಅಂಚನ್ನು ಬಾಯಲ್ಲಿ ಹಿಡಿದಂತೆ ಒಳಗೆ ಬರುತ್ತದೆ, ಆದರೆ ಮುಟ್ಟುವುದಿಲ್ಲ. ತಿರುಗುವ ಲೋಹದಲ್ಲಿ ಸುಳಿಸುಳಿಯಾಗಿ ಕರೆಂಟು ಹುಟ್ಟಿ, ಅದೇ ತಿರುಗಾಟವನ್ನು ಹಿಡಿದೆಳೆಯುತ್ತದೆ. ಮುಟ್ಟದ ಬ್ರೇಕು, ಆದ್ದರಿಂದ ಸವೆಯದ ಬ್ರೇಕು. ನಮ್ಮ ಮನೆಗಳ ಹಳೆಯ ಕರೆಂಟು ಮೀಟರಿನ ತಿರುಗುವ ಬಿಲ್ಲೆಯನ್ನು ಹದದಲ್ಲಿಡುತ್ತಿದ್ದದ್ದೂ ಇದೇ ತಂತ್ರ. ಮೀಟರಿನವರಿಗೆ ಅದು ಬಿಲ್ಲು ಹೆಚ್ಚಾಗದಿರಲು, ಗ್ಯಾರಾರ್ಡ್‌ಗೆ ಶ್ರುತಿ ಹೆಚ್ಚಾಗದಿರಲು.

ವೇಗ ಸರಿಯಿದೆಯೇ ಎಂದು ನೋಡಲು ಕೆಲವು ತಟ್ಟೆಗಳ ಅಂಚಿನಲ್ಲೇ ಗೆರೆಗಳಿರುತ್ತವೆ, ಇಲ್ಲದಿದ್ದರೆ ಗೆರೆ ಬರೆದ ಕಾಗದದ ಚಕ್ರ ಇಟ್ಟುಕೊಳ್ಳಬೇಕು. 50 ಸೈಕಲ್ಲಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ 180 ಗೆರೆಗಳಿದ್ದರೆ 33⅓ರಲ್ಲಿ ಅವು ನಿಂತಂತೆ ಕಾಣುತ್ತವೆ, ವೇಗ ತಪ್ಪಿದರೆ ತೆವಳುತ್ತವೆ. ಅಂದಹಾಗೆ, 78ಕ್ಕೆ ಇರುವುದು 77 ಗೆರೆ, ಲೆಕ್ಕಕ್ಕೆ ಬರುವುದು 77.92. ಅಷ್ಟರ ಮಟ್ಟಿಗೆ 78 ಎನ್ನುವುದೂ ಒಂದು ಸೌಜನ್ಯದ ಅಂಕಿಯೇ. ರಾಯರ ಮನೆಯಲ್ಲೀಗ ಎಲ್ಲ ಎಲ್‌ಇಡಿ ಬಲ್ಬು. ಅವು ಸರಿಯಾಗಿ ಮಿನುಗುವುದಿಲ್ಲವೆಂದು ಈ ಕೆಲಸಕ್ಕಾಗಿಯೇ ಹಳೆಯ ಚೋಕಿನ ಟ್ಯೂಬ್‌ಲೈಟ್ ಒಂದನ್ನು ಹಿಡಿದಿಟ್ಟುಕೊಂಡಿದ್ದಾರೆ. ಅದು ಹೊತ್ತಿಕೊಳ್ಳಲು ತೆಗೆದುಕೊಳ್ಳುವ ಸಮಯದಲ್ಲಿ ಮೋಟಾರು ಬಿಸಿಯಾಗುತ್ತದೆ ಎಂದು ಅವರ ಸಮಜಾಯಿಷಿ.

ಇಷ್ಟೆಲ್ಲ ಮಾಡಿ ಮತ್ತೆ ಹಾಕಿದಾಗ ಗಿರಣಿಯ ಸದ್ದು ಮುಕ್ಕಾಲು ಪಾಲು ಹೋಗಿತ್ತು. ಕಾಲು ಉಳಿದಿತ್ತು. ಈ ಉಳಿದ ಸದ್ದೇ ಐಡ್ಲರ್ ಯಂತ್ರಗಳಿಗೆ ಕೆಟ್ಟ ಹೆಸರು ತಂದದ್ದು. ಮುಳ್ಳು ಓದುವುದು ಎಷ್ಟು ಸಣ್ಣ ಅಲುಗಾಟವನ್ನು ಎಂದರೆ, ಮೆಲುದನಿಯ ಕಡೆಗಳಲ್ಲಿ ಅದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಬೆಲ್ಟು ಮೋಟಾರಿನ ನಡುಕವನ್ನು ದಾರಿಯಲ್ಲೇ ನುಂಗಿಕೊಳ್ಳುತ್ತದೆ. ಗಾಲಿಯ ಗಟ್ಟಿ ಹಿಡಿತ ಕಸುವಿನ ಜೊತೆಗೆ ನಡುಕವನ್ನೂ ದಾಟಿಸುತ್ತದೆ. ಗುಣವೂ ದೋಷವೂ ಒಂದೇ ಹೊಟ್ಟೆಯವು. 1958ರ ಹೊತ್ತಿಗೆ ಸ್ಟೀರಿಯೊ ಪ್ಲೇಟು ಬಂದಾಗ ಪರಿಸ್ಥಿತಿ ಕೆಟ್ಟಿತು. ಹಳೆಯ ಮೊನೊ ಮುಳ್ಳಿಗೆ ಅಡ್ಡಡ್ಡ ಅಲುಗಾಟ ಮಾತ್ರ ಲೆಕ್ಕ, ಸ್ಟೀರಿಯೊ ಮುಳ್ಳು ಮೇಲೆ ಕೆಳಗಿನದನ್ನೂ ಓದುತ್ತದೆ. ಮೋಟಾರಿನ ಗುಟ್ಟುಗಳೆಲ್ಲ ಬಯಲಾದವು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಬಡಕಲು ಮೋಟಾರು, ಒಂದು ಬೆಲ್ಟು, ಸ್ಪ್ರಿಂಗಿನ ಮೇಲೆ ತೂಗುವ ತಟ್ಟೆ ಇಟ್ಟು ಅಗ್ಗದಲ್ಲೇ ಸದ್ದಿಲ್ಲದ ಯಂತ್ರ ಮಾಡಿ ತೋರಿಸಿದರು. 1970ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಪಿ-10 ಡೈರೆಕ್ಟ್ ಡ್ರೈವ್ ತಂದು, ಕಸುವೂ ನಿಶ್ಶಬ್ದವೂ ಒಟ್ಟಿಗೆ ಸಾಧ್ಯ ಎಂದಿತು. ಗ್ಯಾರಾರ್ಡ್ 1965ರಲ್ಲಿ 301ರ ಬದಲಿಗೆ 401 ತಂದು ಹತ್ತು ವರ್ಷ ತಡೆದುಕೊಂಡಿತು. ಆದರೆ ಗಾಳಿ ತಿರುಗಿತ್ತು. 1979ರಲ್ಲಿ ಹೆಸರೇ ಬ್ರೆಜಿಲ್ಲಿನ ಕಂಪನಿಗೆ ಮಾರಾಟವಾಯಿತು.

ಹಾಗಿದ್ದರೆ ಐಡ್ಲರ್ ಸೋತಿತು, ಕಥೆ ಮುಗಿಯಿತು ಅಲ್ಲವೇ? ಮುಗಿಯಲಿಲ್ಲ. ಅದಕ್ಕೆ ಒಂದು ಕಾರಣ ರಾಯರ ಮನೆಯ ಆ ಕಾಲು ಪಾಲು ಸದ್ದು. ಅದು ಬರುತ್ತಿದ್ದದ್ದು ಯಂತ್ರದಿಂದಲ್ಲ, ಅಣ್ಣನವರು ಮಾಡಿಸಿದ್ದ ಟೊಳ್ಳು ಪೆಟ್ಟಿಗೆಯಿಂದ. ತಂಬೂರಿಗೆ ಬುರುಡೆ ಯಾಕಿದೆ? ತಂತಿಯ ಸಣ್ಣ ನಡುಕ ಟೊಳ್ಳಿನಲ್ಲಿ ದೊಡ್ಡದಾಗಲಿ ಎಂದು. ಪ್ಲೈವುಡ್ಡಿನ ಟೊಳ್ಳು ಪೆಟ್ಟಿಗೆಗೆ ಮೋಟಾರು ಕೂರಿಸಿದರೆ ಮೋಟಾರಿಗೊಂದು ಬುರುಡೆ ಕಟ್ಟಿದಂತೆ. ಆ ಕಾಲದಲ್ಲಿ ಸಾವಿರಾರು ಜನ ಹೀಗೇ ಕೂರಿಸಿ, ಯಂತ್ರವನ್ನು ಬೈದರು. ಮುಂದೆ ಜಪಾನಿನ ರಸಿಕರು, ಆಮೇಲೆ ಉಳಿದವರು, ಇದೇ 301 ಅನ್ನು ಭಾರದ ಮರದ ದಿಮ್ಮಿಯಲ್ಲೋ ಕಲ್ಲಿನಲ್ಲೋ ಕೂರಿಸಿ ಕೇಳಿದಾಗ ಬೇರೆಯೇ ಯಂತ್ರ ಎದುರು ನಿಂತಿತು. ರಾಯರು ಮೊದಲು ಗ್ರಾನೈಟ್ ಎಂದರು. ಬಡಿದರೆ ಟಣ್ ಎನ್ನುತ್ತದೆ, ಅಷ್ಟೊಂದು ತೂತು ಕೊರೆಯುವವರೂ ಸಿಗಲಿಲ್ಲ. ಕೊನೆಗೆ ಬಡಗಿ ಆಚಾರರು ಒಳ್ಳೆಯ ಪ್ಲೈವುಡ್ಡಿನ ನಾಲ್ಕು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ನಡುವೆ ಯಂತ್ರಕ್ಕೆ ಬೇಕಾದಷ್ಟೇ ಜಾಗ ಕೊರೆದು ಕೊಟ್ಟರು. ಕಿವಿಯನ್ನು ಸ್ಪೀಕರಿಗೆ ಒತ್ತಿಟ್ಟರೆ ಈಗಲೂ ಸ್ವಲ್ಪ ಗೊಣಗಾಟ ಕೇಳುತ್ತದೆ. ಕುರ್ಚಿಯಲ್ಲಿ ಕೂತರೆ ಇಲ್ಲ. ಸ್ಪೀಕರಿಗೆ ಕಿವಿ ಒತ್ತಿಟ್ಟು ಸಂಗೀತ ಕೇಳುವವರು ಇಬ್ಬರೇ, ನಾನು ಮತ್ತು ರಾಯರು.

ಈ ಯಂತ್ರದಲ್ಲಿ ತಾಳಕ್ಕೆ ಹಿಡಿತ ಜಾಸ್ತಿ, ಮೃದಂಗ ಎದೆಗೆ ಬಡಿಯುತ್ತದೆ ಎಂದು ಭಕ್ತರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಹಾಡಿನ ಜೋರು ಭಾಗಗಳಲ್ಲಿ ಮುಳ್ಳಿನ ಎಳೆತ ಹೆಚ್ಚುತ್ತದೆ ಎನ್ನುವುದು ನಿಜ, ಭಾರದ ತಟ್ಟೆಯೂ ಕಸುವಿನ ಮೋಟಾರೂ ಅದಕ್ಕೆ ಬಗ್ಗುವುದಿಲ್ಲ ಎನ್ನುವುದೂ ನಿಜ. ಉಳಿದರ್ಧ ಕೊಟ್ಟ ದುಡ್ಡಿನ ಮಹಿಮೆ ಇರಬಹುದು. ಬೆಲೆ ಏರಿರುವುದಕ್ಕೆ ಬಂಗಾರವೂ ಕಾರಣವಲ್ಲ, ಮಂತ್ರವೂ ಅಲ್ಲ. ದಿನವಿಡೀ ದುಡಿಯಲೆಂದು ಮಾಡಿದ ಯಂತ್ರವನ್ನು ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಓಡಿಸಿದರೆ ಅದಕ್ಕೆ ಮುಪ್ಪೇ ಬರುವುದಿಲ್ಲ, ಎಲ್ಲ ಭಾಗಗಳನ್ನೂ ಬಿಚ್ಚಬಹುದು, ಎಲ್ಲವನ್ನೂ ಮತ್ತೆ ಕೂಡಿಸಬಹುದು. ಬೇಡಿಕೆ ಎಷ್ಟಿದೆ ಎಂದರೆ ಹೊಸದಾಗಿಯೂ 301 ತಯಾರಾಗುತ್ತಿದೆ. ಗ್ಯಾರಾರ್ಡ್ ಹೆಸರು 2018ರಲ್ಲಿ ಬ್ರೆಜಿಲ್ಲಿನಿಂದ ಮತ್ತೆ ಇಂಗ್ಲೆಂಡಿಗೆ, ತೋಳುಗಳಿಗೆ ಹೆಸರಾದ ಎಸ್‌ಎಂಇ ಇರುವ ಕೇಡೆನ್ಸ್ ಬಳಗಕ್ಕೆ ಬಂತು. ಆ ಬಳಗದ ಹಿಂದಿರುವವರು ಪುಣೆಯ ಉದ್ಯಮಿ ಅಜಯ್ ಶಿರ್ಕೆ. ಒಡವೆಯ ಅಂಗಡಿಯಲ್ಲಿ ಹುಟ್ಟಿ ಫಿರಂಗಿಗೆ ದೂರ ಅಳೆದುಕೊಟ್ಟ ಹೆಸರು ಎಲ್ಲೆಲ್ಲಿ ಸುತ್ತಿ ಯಾರ ಕೈ ಸೇರಿತು ನೋಡಿ.

ಕೊಳ್ಳಬೇಕೇ ಎಂದು ಕೇಳುವವರಿಗೆ: ನಿಮ್ಮೂರಿನಲ್ಲಿ ಇದನ್ನು ಬಿಚ್ಚಲು ಹೆದರದ, ಕೆರೆಯಲು ಹೆದರುವ ಒಬ್ಬ ಮನುಷ್ಯ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಅದೇ ದುಡ್ಡಿನ ಕಾಲು ಭಾಗಕ್ಕೆ ಒಳ್ಳೆಯ ಡೈರೆಕ್ಟ್ ಡ್ರೈವ್ ಬರುತ್ತದೆ, ಉಳಿದದ್ದಕ್ಕೆ ಪ್ಲೇಟು ಕೊಳ್ಳಿ. ಅಟ್ಟದ ಮೇಲಿನ ಫಿಯೆಸ್ಟಾವನ್ನೂ ಗುಜರಿಗೆ ಹಾಕಬೇಡಿ. ಗಾಲಿ ಒರೆಸಿ, ಎರಡು ಹನಿ ಎಣ್ಣೆ ಬಿಡಿ, ಹಳೆಯ ಪ್ಲೇಟು ಹಾಕಿ. ಹೊಸ ಪ್ಲೇಟು ಮಾತ್ರ ಬೇಡ, ಫಿಯೆಸ್ಟಾದ ಮುಳ್ಳಿನ ಭಾರಕ್ಕೆ ಪಾಪದ್ದು ತಾಳುವುದಿಲ್ಲ.

ಕಳೆದ ವರ್ಷ ರಾಯರು ಒಂದು 78ರ ಪ್ಲೇಟು ತರಿಸಿದರು. ಲೇಬಲ್ಲಿನಲ್ಲಿ ಗಾಂಧಾರಿ ಎಂದಿತ್ತು. ಗಂಗೂಬಾಯಿ ಹಾನಗಲ್ಲರು ಮೊದಮೊದಲು ಎಚ್‌ಎಂವಿಗೆ ಹಾಡಿದ್ದು ಆ ಹೆಸರಿನಲ್ಲಿ. ಟ್ಯೂಬ್‌ಲೈಟ್ ಹೊತ್ತಿಸಿ, ಗೆರೆ ನಿಲ್ಲಿಸಿ, 78ರ ಮುಳ್ಳು ಹಾಕಿ ಬಿಟ್ಟರು. ಕೇಳಲು ಬಂದಿದ್ದ ಹಿರಿಯರೊಬ್ಬರು ಎರಡನೇ ಸಾಲಿಗೇ ಕೈಯೆತ್ತಿದರು. ‘ರಾಯರೇ, ವೇಗ ಜಾಸ್ತಿಯಾಗಿದೆ. ಇದು ಗಂಗೂಬಾಯಿ ಅಲ್ಲವೇ ಅಲ್ಲ.’ ದನಿ ಎಳೆಯದು, ತೆಳುವಾಗಿ ಮೇಲೆ ಹಾರುತ್ತಿತ್ತು. ರಾಯರು ಗುಂಡಿ ತಿರುಗಿಸಿ ಅಯಸ್ಕಾಂತವನ್ನು ಪೂರಾ ಒಳಗೆ ತಂದರು. ಅರ್ಧ ಮನೆಯಷ್ಟೂ ಇಳಿಯಲಿಲ್ಲ, ತಬಲಾ ಮಾತ್ರ ತೂಕಡಿಸಿತು. ಮತ್ತೆ ಗೆರೆಗೆ ತಂದು ನಿಲ್ಲಿಸಿ ಹೇಳಿದರು: ‘ವೇಗ ಸರಿಯಾಗಿಯೇ ಇದೆ ಸ್ವಾಮಿ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಬಂದದ್ದು ನೀವು ಕೇಳಿದ ದನಿ. ಇದು ಅದಕ್ಕೂ ಮುಂಚಿನದು.’ ಹಿರಿಯರು ಮಾತಾಡಲಿಲ್ಲ. ಮೂರು ನಿಮಿಷಕ್ಕೆ ಪ್ಲೇಟು ಮುಗಿದಾಗ ‘ಇನ್ನೊಂದ್ಸಲ ಹಾಕಿ’ ಎಂದರು.

ಆ ಯಂತ್ರಕ್ಕೆ ವರ್ಷಕ್ಕೊಮ್ಮೆ ಎಣ್ಣೆ. ಅದಕ್ಕೆ ರಾಯರು ಇಟ್ಟುಕೊಂಡಿರುವ ದಿನ ಆಯುಧಪೂಜೆ. ಬೀದಿಯಲ್ಲಿ ಸ್ಕೂಟರು, ಕಾರುಗಳಿಗೆ ನೀರು ಹಾಕುವ ಹೊತ್ತಿಗೆ ಇವರು ಒಳಗೆ ತಟ್ಟೆ ಎತ್ತಿ, ಬೇರಿಂಗು ಒರೆಸಿ, ಹನಿ ಎಣಿಸಿ ಬಿಡುತ್ತಾರೆ. ಆಮೇಲೆ ಪೆಟ್ಟಿಗೆಯ ಮೂಲೆಗೆ ಕುಂಕುಮ, ಒಂದು ಸೇವಂತಿಗೆ. ಕುಂಬಳಕಾಯಿಯನ್ನು ಮಾತ್ರ ಗೇಟಿನಾಚೆ, ಆದಷ್ಟು ದೂರ ಹೋಗಿ ಒಡೆಯಿರಿ ಎಂದು ಮೊಮ್ಮಗನಿಗೆ ಕಟ್ಟಪ್ಪಣೆ. ಒಳಗೆ ಪ್ಲೇಟು ಓಡುತ್ತಿರುತ್ತದೆ, ನೆಲ ಅದುರಿದರೆ ಮುಳ್ಳು ಹಾರುತ್ತದಂತೆ.